ಸಂಚಾಲಕನ ಐದು ಸಾವಿರ ಹೆಜ್ಜೆಗಳು

ನಮ್ಮ ಪ್ರಿನ್ಸಿಪಾಲರಿಗೆ ನನ್ನ ಮೇಲೆ ಅದೇನು ಹಗೆಯೋ ಕಾಣೆ, ಕಾಲೇಜಿನ ಆರೋಗ್ಯ ಸಪ್ತಾಹಕ್ಕೆ ನನ್ನನ್ನೇ ಸಂಚಾಲಕನನ್ನಾಗಿ ಮಾಡಿಬಿಟ್ಟರು. (ಬಸವೇಶ್ವರನಗರದ ನಮ್ಮ ಮನೆಯಿಂದ ಮೂಲೆಯ ಹಾಲಿನ ಬೂತಿಗೂ ಸ್ಕೂಟರಿನಲ್ಲೇ ಹೋಗುವ ಆಸಾಮಿ ನಾನು.) ಮೈಕ್ ಸಿಕ್ಕ ಹುರುಪಿನಲ್ಲಿ, "ದಿನಾ ಬೆಳಗ್ಗೆ ಒಂಬತ್ತರೊಳಗೆ ಐದು ಸಾವಿರ ಹೆಜ್ಜೆ! ಮೊದಲು ನಾನು ನಡೆದು ತೋರಿಸ್ತೀನಿ!" ಎಂದು ವಿದ್ಯಾರ್ಥಿಗಳೆದುರು ಘರ್ಜಿಸಿದೆ. ಮೊಬೈಲು ತೋರಿಸುವ ಹೆಜ್ಜೆ ಲೆಕ್ಕವನ್ನು ಎಲ್ಲರೂ ಗ್ರೂಪಿಗೆ ಹಾಕಬೇಕೆಂಬ ನಿಯಮವೂ ನನ್ನದೇ.

ಮರುದಿನ ಒಂಬತ್ತಕ್ಕೆ ನೋಡಿದರೆ ನನ್ನ ಹೆಜ್ಜೆ ನೂರಾ ಹನ್ನೆರಡು. ನೆಟ್‌ವರ್ಕ್ ಇಲ್ಲವೆಂದು ಆ ದಿನ ಬಚಾವಾದೆ. ಹೀಗೇ ಆದರೆ ಕ್ಲಾಸಿನಲ್ಲಿ ತಲೆ ಎತ್ತುವುದು ಹೇಗೆ? ಆಗ ಹೊಳೆಯಿತು ಮಹೋಪಾಯ.

"ರಾಗಿಣಿ, ಬೆಳಗ್ಗೆ ಹೊತ್ತು ಪ್ರಿನ್ಸಿಪಾಲರು ಫೋನ್ ಮಾಡ್ತಾರೆ. ನನ್ನ ಮೊಬೈಲು ನಿನ್ನ ಹತ್ರಾನೇ ಇರ್ಲಿ."

"ನೀವೇನ್ ಮಾಡ್ತಿರ್ತೀರಿ?"

"ಧ್ಯಾನ ಕಣೇ."

ನನ್ನ ಹೆಂಡತಿ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಹೊದಿಕೆಯೊಳಗೆ ಧ್ಯಾನಸ್ಥನಾದೆ. ಬಾಗಿಲಿಗೆ ನೀರು, ರಂಗೋಲಿ, ಸಂಪಿನ ಮೋಟಾರು, ಟೆರೇಸಿನಲ್ಲಿ ಬಟ್ಟೆ, ತುಳಸಿಗೆ ಪ್ರದಕ್ಷಿಣೆ, ಕಾಫಿ ಹಿಡಿದು ನನ್ನ ಮಂಚದವರೆಗೆ ಎರಡು ಸಲ ಪಾದಯಾತ್ರೆ. ಒಂಬತ್ತಕ್ಕೆ ಏಳು ಸಾವಿರ!

"ಸಾರ್, ಬೆಂಕಿ ನೀವು!" ಎಂದು ಗ್ರೂಪಿನಲ್ಲಿ ಹುಡುಗರು ಕುಣಿದರು. ನಾಲ್ಕನೆಯ ದಿನ ಸಮರ್ಥ ಎಂಬ ಶಿಷ್ಯ ಕೇಳಿದ: "ಸಾರ್, ನೀವು ಯಾವ ಪಾರ್ಕಲ್ಲೂ ಕಾಣಲ್ವಲ್ಲ?"

"ಮನೆಯೊಳಗೇ ನಡೀತೀನಪ್ಪ. ಅದಕ್ಕೆ ಗೃಹಸಂಚಾರ ಯೋಗ ಅಂತಾರೆ."

ತಪ್ಪಾಯಿತು. ಮರುದಿನ ಏಳು ಗಂಟೆಗೇ ಆ ಯೋಗ ಕಲಿಯಲು ಸಮರ್ಥ ಮತ್ತು ಅವನ ಸಹಪಾಠಿ ಬಿಂದುಶ್ರೀ ನಮ್ಮ ಮನೆ ಬಾಗಿಲಿಗೆ ಬಂದರು.

"ಸಾರ್ ಧ್ಯಾನದಲ್ಲಿದ್ದಾರೆ," ಎಂದಳು ರಾಗಿಣಿ. (ಧ್ಯಾನದ ಗೊರಕೆ ಗೇಟಿನವರೆಗೂ ಕೇಳುತ್ತಿತ್ತಂತೆ.) ಸಮರ್ಥ ನನಗೆ ಫೋನ್ ಮಾಡಿದ. ರಿಂಗಾದದ್ದು ಅವಳ ಸೊಂಟದಲ್ಲಿ. ಆ ಸದ್ದಿಗೆ ನಾನೂ ಎದ್ದು ಬಂದೆ.

ಬಿಂದುಶ್ರೀ ಮೊಬೈಲಿಗೆ ಇಣುಕಿದಳು. "ಆಂಟಿ, ಆಗ್ಲೇ ನಾಲ್ಕು ಸಾವಿರ! ಇಷ್ಟ್ ದಿನ ನಡೆದಿದ್ದು ನೀವಾ?"

ರಾಗಿಣಿ ನನ್ನತ್ತ ತಿರುಗಿದಳು. "ಓಹೋ! ನಡಿಯೋದು ನಾನು, ಚಪ್ಪಾಳೆ ನಿಮಗಾ?"

ನಿಜಕ್ಕೂ ನಾಚಿಕೆಯಾಯಿತು. ಇಪ್ಪತ್ತು ವರ್ಷದಲ್ಲಿ ಈ ಮನೆಯೊಳಗೇ ಅವಳು ಎಷ್ಟು ದೂರ ನಡೆದಿರಬಹುದೆಂದು ಲೆಕ್ಕ ಹಾಕುವ ಧೈರ್ಯವಾಗಲಿಲ್ಲ.

ಶನಿವಾರ ಸಮಾರೋಪ. ಆಹ್ವಾನ ಪತ್ರಿಕೆಯನ್ನು ಹುಡುಗರೇ ಮಾಡಿಸಿದ್ದರು: "ವಿಶೇಷ ಉಪನ್ಯಾಸ: ಶ್ರೀಮತಿ ರಾಗಿಣಿ. ಪ್ರಾತ್ಯಕ್ಷಿಕೆ: ಪ್ರೊ. ಸೇತುರಾಮ."

ವೇದಿಕೆಯ ಮೇಲೆ, ಪ್ರಿನ್ಸಿಪಾಲರ ಕಣ್ಣೆದುರಿಗೇ, ನಾನು ಪೊರಕೆ ಹಿಡಿದು ಈ ತುದಿಯಿಂದ ಆ ತುದಿಗೆ ಹೊರಟೆ. ರಾಗಿಣಿ ಮೈಕಿನಲ್ಲಿ ಹೇಳಿದಳು:

"ಇನ್ನೂ ಸ್ವಲ್ಪ ಬಗ್ಗಿ ಗುಡಿಸಿ ರೀ, ಮಕ್ಕಳು ನೋಡಿ ಕಲೀಲಿ!"