ಮಾವನ ಕಣದಲ್ಲಿ ನನ್ನ ಗಾಳಿ ನಿಯಂತ್ರಣ

ಗಾಳಿಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಬೆಳಗಾವಿಯಲ್ಲಿ ಕುಳಿತು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವುದೇ ನನ್ನ ನೌಕರಿ. ಯಂತ್ರಗಳು ಒಂದರ ಹಿಂದೆ ಒಂದು ನಿಂತಾಗ ಮುಂದಿನದು ಒಳ್ಳೆಯ ಗಾಳಿಯನ್ನೆಲ್ಲ ನುಂಗಿ, ಹಿಂದಿನದಕ್ಕೆ ಎಂಜಲು ಗಾಳಿ ಬಿಡುತ್ತದೆ. ಅದಕ್ಕೇ ಮುಂದಿನದರ ಮುಖವನ್ನು ಸ್ವಲ್ಪ ಓರೆ ಮಾಡುತ್ತೇವೆ. ಅದರ ಕರೆಂಟು ಒಂಚೂರು ಕಡಿಮೆಯಾದರೂ ಹಿಂದಿನವು ಜೋರಾಗಿ ತಿರುಗಿ, ಒಟ್ಟು ಕರೆಂಟು ಹೆಚ್ಚುತ್ತದೆ. ಈ ತರಬೇತಿ ಮುಗಿದ ವಾರವೇ ಹೆಂಡತಿ ಶಾಂತಾಳೊಡನೆ ಅವಳ ತವರೂರಾದ ಬೀಡಿ ಎಂಬ ಹಳ್ಳಿಗೆ ಹೋದೆ. ಜ್ಞಾನ ಇನ್ನೂ ಬಿಸಿಬಿಸಿಯಾಗಿತ್ತು.

ಅಲ್ಲಿ ಭತ್ತದ ರಾಶಿ ನಡೆದಿತ್ತು. ತೂರುವ ಯಂತ್ರ ಕೆಟ್ಟಿತ್ತು, ಖಾನಾಪುರದ ಕಡೆ ಮೋಡ ಕಟ್ಟಿತ್ತು. ಮಳೆಗೆ ಮೊದಲು ಮುಗಿಸದಿದ್ದರೆ ಮನೆಯವರ ವರ್ಷದ ಅನ್ನ ನೆಂದುಹೋಗುತ್ತಿತ್ತು. ಮಾವ, ಅತ್ತೆ, ಭಾವಮೈದುನ ಮೂವರೂ ಗಾಳಿಗೆ ಅಡ್ಡಲಾಗಿ ಅಕ್ಕಪಕ್ಕ ನಿಂತು ಬುಟ್ಟಿ ಎತ್ತಿ ತೂರುತ್ತಿದ್ದರು. ಕಾಳು ಕಾಲಬುಡಕ್ಕೆ, ಹೊಟ್ಟು ದೂರಕ್ಕೆ.

"ಮಾವಾರ, ನಿಮ್ಮ ಸಾಲು ಶಾಸ್ತ್ರೀಯ ಇಲ್ರಿ," ಎಂದೆ.

"ಹಿಂಗ ನಿಂತ್ರ ಎಲ್ಲಾರಿಗೂ ಗಾಳಿ ಬರೋಬ್ಬರಿ ಸಿಗತೈತ್ರಿ ಅಳಿಯಾರ."

"ಖರೇ, ಆದ್ರ ಇದರಾಗ ಕಂಟ್ರೋಲ್ ಎಲ್ಲೈತ್ರಿ?"

ಅಳಿಯನ ಮಾತು ತೆಗೆದುಹಾಕುವುದು ಹೇಗೆ? ಮಾವ ಬುಟ್ಟಿ ಕೆಳಗಿಟ್ಟರು.

ನನ್ನ ಬಳಿ ಪರಿಹಾರ ಸಿದ್ಧವಿತ್ತು. ಸಮಸ್ಯೆಯೇ ಇರಲಿಲ್ಲ! ಅದನ್ನೂ ನಾನೇ ಒದಗಿಸಿದೆ. ಅವರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ಗಾಳಿ ಬರುವ ಕಡೆ ಎಲ್ಲರಿಗಿಂತ ಮುಂದೆ ನಾನು ನಿಂತೆ. ಮೊದಲ ಬುಟ್ಟಿ ತೂರಿದೆ. ಹೊಟ್ಟೆಲ್ಲ ಮಾವನ ಮೀಸೆಗೆ!

"ಗಾಬರಿ ಆಗಬ್ಯಾಡ್ರಿ, ಈಗ ಓರೆ ಆಗತೇನಿ," ಎಂದು ಘೋಷಿಸಿ ಬಲಕ್ಕೆ ತಿರುಗಿದೆ. ಹೊಟ್ಟು ಅತ್ತೆಯ ಕಣ್ಣಿಗೆ! ಎಡಕ್ಕೆ ತಿರುಗಿ ಇನ್ನೂ ಜೋರಾಗಿ ಬೀಸಿದೆ. ಹೊಟ್ಟು, ಧೂಳು, ಕೈತಪ್ಪಿದ ಬುಟ್ಟಿ, ಎಲ್ಲವೂ ಬೆಳಗಿನಿಂದ ತೂರಿಟ್ಟ ಸ್ವಚ್ಛ ಭತ್ತದ ಮೇಲೆ ಬಿದ್ದವು. ಅಷ್ಟನ್ನೂ ಮತ್ತೆ ತೂರಬೇಕು! ದೂರದಲ್ಲಿ ಗುಡುಗಿತು. ನನಗೆ ನಿಜಕ್ಕೂ ಅಳು ಬಂತು.

"ರೀ, ಒಟ್ಟು ಹೆಚ್ಚ ಆಗಬೇಕಂದ್ರ ಮುಂದಿಂದು ಏನು ಮಾಡಬೇಕಂದಿದ್ರಿ?" ಶಾಂತಾ ಕೇಳಿದಳು.

"ತನ್ನ ಪಾಲಿನ ಗಾಳಿ ಸ್ವಲ್ಪ ಬಿಟ್ಟುಕೊಡಬೇಕು."

"ನೀವು ಪೂರಾ ಬಿಟ್ಟುಕೊಡ್ರಿ. ಆ ಬುಟ್ಟಿ ಇಲ್ಲಿ ತರ್ರಿ!"

ಅವಳು ಸೀರೆ ಸಿಕ್ಕಿಸಿ ನಿಂತಳು. ನಾಲ್ವರೂ ಮತ್ತೆ ಅಕ್ಕಪಕ್ಕ. ನಾನು ಬಣವೆಯ ಬಾಜು ಕುಳಿತೆ. ನಡುವೆ ಅತ್ತೆ ಬುಟ್ಟಿ ಇಟ್ಟು, ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ನನಗೆ ಚಹಾ ತಂದರು. "ಕುಡೀರಿ, ಯಾರರ ಬೇಕಂತ ಮಾಡ್ತಾರೇನು?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೊನೆಯ ಚೀಲ ಒಳಗೆ ಸೇರುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ನನ್ನ ಸಿದ್ಧಾಂತ ಸಾಬೀತಾಗಿತ್ತು. ಮುಂದೆ ನಿಂತವನು ಬಿಟ್ಟುಕೊಟ್ಟ ಕೂಡಲೇ ಒಟ್ಟು ಉತ್ಪಾದನೆ ಹೆಚ್ಚಿತ್ತು!

ಈಗ ಪ್ರತಿ ರಾಶಿಗೂ ಮೊದಲು ಮಾವ ತಪ್ಪದೆ ಫೋನ್ ಮಾಡಿ, "ಅಳಿಯಾರ, ನಿಮ್ಮ ಡ್ಯೂಟಿ ಯಾವತ್ತೈತ್ರಿ?" ಎಂದು ಕೇಳುತ್ತಾರೆ. ನಾನು ಡ್ಯೂಟಿಯಲ್ಲಿರುವ ದಿನವನ್ನೇ ನೋಡಿ ರಾಶಿ ಇಟ್ಟುಕೊಳ್ಳುತ್ತಾರೆ.