ಅತ್ತೆ ಕೂತ ಮೂಲೆ

ನಮ್ಮ ಅತ್ತೆಯವರು "ಎಂಟು ದಿನ ಇದ್ದು ಹೋಗ್ತೀನಿ" ಅಂತ ಬಂದು ಮೊನ್ನೆಗೆ ಮೂರು ತಿಂಗಳು ತುಂಬಿತು. (ಅತ್ತೆ ಎಂದರೆ ಹೆಂಡತಿಯ ತಾಯಿ. ನನ್ನಪ್ಪನ ತಂಗಿಯಾಗಿದ್ದರೆ ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ಹೆಂಡತಿಯೇ ಬಸ್ಸು ಹತ್ತಿಸಿ ಬರುತ್ತಿದ್ದಳು.)

ಅವರು ಇರುವುದಕ್ಕೆ ನನಗೇನೂ ಹೊಟ್ಟೆಯುರಿಯಿಲ್ಲ. ಉಣ್ಣಲಿ, ಮಲಗಲಿ, ನನ್ನ ಹೆಂಡತಿಗೆ ನನ್ನ ವಿರುದ್ಧ ಉಪದೇಶ ಮಾಡಲಿ. ನನ್ನ ತಕರಾರು ಅವರು ಕೂರುವ ಜಾಗದ ಬಗ್ಗೆ. ನಾನು ಶುದ್ಧಧ್ವನಿ ಸಂಘದ ಕಾರ್ಯದರ್ಶಿ. ನಮಗೆ ಹಾಡು ಮುಖ್ಯವಲ್ಲ, ಅದು ಎಷ್ಟು ಶುದ್ಧವಾಗಿ ಕೇಳಿಸುತ್ತದೆ ಎನ್ನುವುದು ಮುಖ್ಯ. ("ಹಾಡು ಚೆನ್ನಾಗಿದೆ" ಎಂದವರನ್ನು ನಾವು ಸಂಘಕ್ಕೆ ಸೇರಿಸಿಕೊಳ್ಳುವುದಿಲ್ಲ.) ನಮ್ಮ ಹಾಲಿನಲ್ಲಿ ಕಪಾಟಿನೆತ್ತರದ ಎರಡು ಸ್ಪೀಕರುಗಳಿವೆ. ಅಂಥ ಪವಿತ್ರ ಸ್ಥಳದಲ್ಲಿ, ಎಡಗಡೆ ಸ್ಪೀಕರಿನ ಹಿಂದಿನ ಮೂಲೆಯಲ್ಲಿ, ಅತ್ತೆ ಒಂದು ದೊಡ್ಡ ಕುರ್ಚಿ ಎಳೆದು ಹಾಕಿಕೊಂಡು, ಅತ್ತ ಒಂದು ಇತ್ತ ಒಂದು ಉಣ್ಣೆಯ ಮೂಟೆ ಇಟ್ಟುಕೊಂಡು, ದಿನವಿಡೀ ಸ್ವೆಟರ್ ಹೆಣೆಯುತ್ತಾರೆ.

ಒಂದೇ ಸಮಾಧಾನವಿತ್ತು. ನಾನು ಹಾಡಿನ ಮೆಷಿನ್ ಹಾಕಿದ ಕೂಡಲೇ ಅವರು ಸೂಜಿ ಕೆಳಗಿಟ್ಟು, ಎರಡೂ ಕೈಗಳನ್ನು ಕಿವಿಯ ಹತ್ತಿರ ಒಯ್ದು ಕೂದಲು ಸರಿಮಾಡಿಕೊಂಡು, ಆಮೇಲೆ ಮುಗುಳ್ನಗುತ್ತಾ ಹೆಣಿಗೆ ಮುಂದುವರಿಸುತ್ತಿದ್ದರು. ಈ ಮನೆಯಲ್ಲಿ ಧ್ವನಿಗೆ ಮರ್ಯಾದೆ ಕೊಡುವ ಜೀವ ಇದೊಂದೇ ಎಂದುಕೊಂಡಿದ್ದೆ.

ಅತ್ತೆ ಬಂದ ವಾರವೇ ನಮ್ಮ ಮನೆಗೆ ಇನ್ನೊಬ್ಬ ಅತಿಥಿಯ ಆಗಮನವೂ ಆಗಿತ್ತು. ಅದೊಂದು ತಂತಿ. ಮೆಷಿನ್ನಿನಿಂದ ಸ್ಪೀಕರಿಗೆ ಹೋಗುವ, ಹೆಬ್ಬೆರಳಿನ ದಪ್ಪದ, ಜಡೆಯಂತೆ ಹೆಣೆದ ದಿವ್ಯ ತಂತಿ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಹೆಂಡತಿ ಅದನ್ನು ಬರಮಾಡಿಕೊಂಡಳು. ಆದರೆ ಏನು ಹೇಳಲಿ! ಎಷ್ಟೋ ವರ್ಷಗಳಿಂದ ನಮ್ಮ ಹಾಲಿನಲ್ಲಿ ಪೀಡೆಯಂತೆ ಕಾಡುತ್ತಿದ್ದ 'ಗುಂಯ್' ಎಂಬ ಗುಂಗು ಆ ತಂತಿ ಹಾಕಿದ ದಿನವೇ ಮಾಯವಾಯಿತು. ಸಂಘದ ಅಧ್ಯಕ್ಷರು, ನಿವೃತ್ತ ಹಲ್ಲಿನ ಡಾಕ್ಟರು, ಮನೆಗೆ ಬಂದು ಕಣ್ಣು ಮುಚ್ಚಿ ಕೇಳಿ, "ಏನ್ರೀ ಇದು, ಹುಳುಕು ಹಲ್ಲು ಕಿತ್ತ ಹಾಗಿದೆ!" ಎಂದು ಉದ್ಗರಿಸಿದರು. ಸಂಘದ ಈ ವರ್ಷದ ಮೂರು ದಿನದ ಧ್ವನಿಮೇಳದಲ್ಲಿ 'ತಂತಿಯಿಂದ ಮುಕ್ತಿ' ಎಂಬ ನನ್ನ ಸೋದಾಹರಣ ಉಪನ್ಯಾಸ ಅಲ್ಲೇ ನಿಗದಿಯಾಯಿತು. ಇಪ್ಪತ್ತು ವರ್ಷ ಕುರ್ಚಿ ಜೋಡಿಸಿದ ಕಾರ್ಯದರ್ಶಿಗೆ ಮೊದಲ ಬಾರಿ ವೇದಿಕೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮೇಳಕ್ಕೆ ಹೋಟೆಲಿನಲ್ಲಿ ಜಾಗ ಬೇಕಿತ್ತು; ರೂಮಿಗೊಬ್ಬರಂತೆ ಸ್ಪೀಕರು ಹೂಡಿ ಕೇಳಿಸುವುದು ನಮ್ಮ ಪದ್ಧತಿ. ಹೋದ ವರ್ಷದ ಹೋಟೆಲಿನಲ್ಲಿ ನಮ್ಮ ಸದಸ್ಯರೊಬ್ಬರು ಡೋಲಿನ ಶುದ್ಧತೆ ತೋರಿಸಲು ಹೋಗಿ, ಕೆಳಗಿನ ಊಟದ ಹಾಲಿನ ಗಾಜಿನ ದೀಪ ಕಳಚಿ ಯಾರದೋ ಸೂಪಿಗೆ ಬಿದ್ದಿತ್ತು. ಆ ಹೋಟೆಲಿನವರು ನಮ್ಮನ್ನು ಈಗ ಗೇಟಿನಲ್ಲೇ ಗುರುತಿಸುತ್ತಾರೆ. ಹಾಗಾಗಿ ಹೊಸದಾಗಿ ತೆರೆದ ಇನ್ನೊಂದು ಹೋಟೆಲನ್ನು ನೋಡಿ, ನನ್ನ ಉಪನ್ಯಾಸಕ್ಕೊಂದು ರೂಮು ಆರಿಸಲು ನಾನೂ ಡಾಕ್ಟರೂ ಹೊರಟೆವು.

"ಅಮ್ಮನೂ ನಾನೂ ಬರ್ತೀವಿ," ಎಂದಳು ಹೆಂಡತಿ.

"ಅಲ್ಲೇನು ಸೀರೆ ಸೇಲ್ ಇದ್ಯಾ?"

"ದಾರೀಲಿ ಅಮ್ಮಂಗೆ ಬಸ್ ಟಿಕೆಟ್ ತಗೋಬೇಕು. ನನ್ನ ತಮ್ಮ ಹೊಸ ಮನೆಗೆ ಸಾಮಾನು ಸಾಗಿಸ್ತಾನಂತೆ. ನಿಂತು ಮಾಡಿಸ್ತೀನಿ ಅಂತ ಅಮ್ಮ ಮಾತು ಕೊಟ್ಟಿದ್ದಾಳೆ."

ಅತ್ತೆ ಹೊರಡುವ ದಿನ ಮೇಳದ ಹಿಂದಿನ ದಿನ! ನನ್ನ ಕಿವಿಗೆ ಅಷ್ಟು ಶುದ್ಧವಾದ ಧ್ವನಿ ಬಿದ್ದು ಬಹಳ ಕಾಲವಾಗಿತ್ತು. ಉಣ್ಣೆಯ ಮೂಟೆಗಳನ್ನು ನಾನೇ ಕಾರಿಗೆ ಹೊತ್ತೆ. (ಅವಿಲ್ಲದೆ ಅತ್ತೆ ಹೊಸ್ತಿಲು ದಾಟುವುದಿಲ್ಲ.) ಬಸ್ ನಿಲ್ದಾಣದಲ್ಲಿ ಕ್ಯೂ ಕೂಡ ನಾನೇ ನಿಂತೆ.

"ಎರಡು ಥರ ಇದೆ ಸರ್," ಎಂದ ಕೌಂಟರಿನವನು. "ಒಂದು ವಾಪಸ್ ಮಾಡ್ಬಹುದು, ಇನ್ನೊಂದು ಆಗಲ್ಲ."

"ಆಗದೇ ಇರೋದೇ ಕೊಡಿ," ಎಂದೆ. "ಹೋಗೋದಕ್ಕೆ ಮಾತ್ರ. ಬರೋದಕ್ಕೆ ಬೇಡ."

ಅತ್ತೆಯ ಮನಸ್ಸು ಬದಲಾಗಬಹುದು, ಟಿಕೆಟ್ಟಿನ ಮನಸ್ಸು ಬದಲಾಗಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನೆಯೇ? ಹೆಂಡತಿ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ಆಮೇಲೆ ಗೊತ್ತಾಯಿತು.

ಹೋಟೆಲಿಗೆ ಇನ್ನೂ ಬಣ್ಣದ ವಾಸನೆಯಿತ್ತು. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಕಡ್ಡಿಯಂಥ ಮ್ಯಾನೇಜರ್ ಟೈ ಸರಿಪಡಿಸಿಕೊಂಡು ಮೊದಲ ರೂಮಿನ ಬಾಗಿಲು ತೆರೆದ. ನಾನು ಒಳಗೆ ಹೋಗಿ, ನಡುವೆ ನಿಂತು, ಪಟ್ಟನೆ ಒಂದು ಚಪ್ಪಾಳೆ ತಟ್ಟಿದೆ. ರೂಮಿನ ಗುಣ ತಿಳಿಯಲು ನಮ್ಮಲ್ಲಿ ಇದೇ ಕ್ರಮ. ಚಪ್ಪಾಳೆ ಗೋಡೆಗೆ ಬಡಿದು ಹೇಗೆ ಮರಳಿ ಬರುತ್ತದೆ ಎಂದು ಕೇಳಬೇಕು. ಆಮೇಲೆ ಮೂಲೆಗೆ ಹೋಗಿ ಇನ್ನೊಂದು ತಟ್ಟಿದೆ. ಬಗ್ಗಿ ಮಂಚದ ಪಕ್ಕ ಒಂದು.

"ಸಿಕ್ತಾ ಅಳಿಯಂದ್ರೇ?" ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ಏನು ಸಿಕ್ತಾ?"

"ಸೊಳ್ಳೆ. ಇಷ್ಟು ದೊಡ್ಡ ಹೋಟ್ಲಲ್ಲೂ ಸೊಳ್ಳೆನಾ? ಶಿವಶಿವಾ!"

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. "ಛೇ ಛೇ, ಹೋದ ವಾರ ಔಷಧಿ ಹೊಡೆಸಿದ್ವಿ ಮೇಡಂ!" ಎಂದವನೇ ಫೋನಿನಲ್ಲಿ ಯಾರನ್ನೋ ಗದರಿದ. ನಾನು ಎರಡನೆಯ ರೂಮಿನಲ್ಲಿ ಚಪ್ಪಾಳೆ ತಟ್ಟುವ ಹೊತ್ತಿಗೆ ಒಬ್ಬ ಔಷಧಿ ಡಬ್ಬಿ ಹಿಡಿದು ಓಡಿ ಬಂದು, ನನ್ನ ಕೈ ಹೋದಲ್ಲೆಲ್ಲ ಸಿಂಪಡಿಸಿದ. ಡಾಕ್ಟರು ಕೆಮ್ಮುತ್ತಾ ವಿವರಿಸಿದರೂ ಅವನು ನಂಬಲಿಲ್ಲ. ಸೊಳ್ಳೆಯಿಲ್ಲದೆ ಕೋಟು ಹಾಕಿದ ಗಂಡಸು ಯಾಕೆ ಚಪ್ಪಾಳೆ ತಟ್ಟುತ್ತಾನೆ ಎಂಬುದು ಅವನ ತರ್ಕ.

ಏಳನೆಯ ರೂಮು, ಕಾರಿಡಾರಿನ ಕೊನೆಯದು, ಮನಸ್ಸಿಗೆ ಬಂತು. ಕಾರಿನಿಂದ ಮೆಷಿನ್, ಎರಡು ಚಿಕ್ಕ ಸ್ಪೀಕರು, ನನ್ನ ದಿವ್ಯ ತಂತಿ ಎಲ್ಲ ತರಿಸಿ ಜೋಡಿಸಿದೆ. ಅತ್ತೆ ಹೊರಗೆ ಮೂಟೆಗಳ ಕಾವಲಿಗೆ ನಿಂತಿದ್ದರು. ಒಂದು ಪಿಯಾನೋ ಸಂಗೀತ ಇಟ್ಟು ಮೆಷಿನ್ ಹಾಕಿದೆ.

ಗುಂಯ್! ಅದೇ ಹಳೆಯ ಪೀಡೆ. ಡಾಕ್ಟರ ಮುಖ ನೋಡಿದರೆ ಅವರದೇ ಹಲ್ಲನ್ನು ಯಾರೋ ಕೊರೆಯುವಂತಿತ್ತು.

"ರೂಮು ಸರಿಯಿಲ್ಲ," ಎಂದೆ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ.

ಅಷ್ಟರಲ್ಲಿ ಅತ್ತೆ "ಕಾಲು ಬಿದ್ದುಹೋಗ್ತಿದೆ ಕಣೇ" ಎನ್ನುತ್ತಾ ಮೂಟೆಗಳ ಸಮೇತ ಒಳಗೆ ಬಂದು, ಎಡಗಡೆ ಮೂಲೆಯ ಸೋಫಾದಲ್ಲಿ ಕೂತು, ಕೂದಲು ಸರಿಮಾಡಿಕೊಂಡು, ಹೆಣೆಯತೊಡಗಿದರು. ಗುಂಯ್ ನಿಂತಿತು. ಪಿಯಾನೋ ತೊಳೆದಿಟ್ಟ ಪಾತ್ರೆಯ ಹಾಗೆ ಥಳಥಳ ಎಂದಿತು.

"ನೋಡಿದ್ರಾ ಡಾಕ್ಟ್ರೇ!" ನಾನು ಕುಣಿದೆ. "ತಂತಿ ಸ್ವಲ್ಪ ಬೆಚ್ಚಗಾಗ್ಬೇಕಿತ್ತು, ಅಷ್ಟೇ!"

ಆಗ ಉಣ್ಣೆಯುಂಡೆಯೊಂದು ಬಾಗಿಲತ್ತ ಉರುಳಿತು. ಅತ್ತೆ ಎದ್ದು ಹೋದರು. ಗುಂಯ್. ಬಂದು ಕೂತರು. ಥಳಥಳ.

ಹೆಂಡತಿಯ ಕಣ್ಣು ಕಿರಿದಾಯಿತು. ಅವಳು ತಾಯಿಗೆ ಕೈಸನ್ನೆ ಮಾಡಿದಳು: ಏಳು. ಗುಂಯ್. ಕೂರು. ಥಳಥಳ. ಏಳು. ಕೂರು.

"ರೀ," ಎಂದಳು, "ಮನೇಲಿ ನಿಮ್ಮ ತಂತಿ ಯಾವತ್ತು ಹಾಡೋಕೆ ಶುರು ಮಾಡ್ತು? ಅಮ್ಮ ಬಂದು ಆ ಮೂಲೇಲಿ ಕೂತ ವಾರವೇ ಅಲ್ವಾ?"

ನಾನು ಸುಲಭಕ್ಕೆ ಸೋಲುವವನಲ್ಲ. ಅತ್ತೆಯನ್ನು ಬಾಗಿಲ ಬಳಿ ಕೂರಿಸಿ, ಮೂಲೆಗೆ ದಿಂಬು ಒಟ್ಟಿದೆ. ಗುಂಯ್. ಹಾಸಿಗೆ ಎತ್ತಿ ನಿಲ್ಲಿಸಿದೆ. ಗುಂಯ್. ಮ್ಯಾನೇಜರನನ್ನೇ ಕೂರಿಸಿ ತೊಡೆಯ ಮೇಲೆ ಎರಡೂ ಮೂಟೆ ಹೇರಿದೆ. ಅರ್ಧ ಗುಂಯ್. ನಾನೇ ಹೋಗಿ ಕೂತೆ. ಅದು ಇನ್ನಷ್ಟು ಜಾಸ್ತಿಯಾಯಿತು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಕೊನೆಗೆ ಡಾಕ್ಟರು ಅತ್ತೆಯನ್ನು ಮತ್ತೆ ಮೂಲೆಗೆ ಕೂರಿಸಿ, ನನ್ನ ತಂತಿಯನ್ನು ಕಿತ್ತು, ಹೋಟೆಲಿನ ಉಗ್ರಾಣದಲ್ಲಿ ಬಿದ್ದಿದ್ದ ಹಳೇ ತಂತಿಯ ತುಂಡುಗಳನ್ನು ಸಿಕ್ಕಿಸಿದರು. ಥಳಥಳ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಇಂಗು ತಿಂದ ಮಂಗನಂತೆ ನಿಂತೆ.

"ತಂತಿ ಉಪನ್ಯಾಸ ರದ್ದು," ಎಂದರು ಡಾಕ್ಟರು. "ಗುಂಯ್ ಮೂಲೇಲಿ ಸೇರ್ಕೊಂಡಿರುತ್ತೆ, ಅಮ್ಮನೂ ಉಣ್ಣೆಯೂ ಸೇರಿದ್ರೆ ಅದನ್ನ ಹೀರ್ಕೊಂಡ್ಬಿಡುತ್ತೆ. ಈ ರೂಮು ಬೇಕು, ಈ ಮೂಲೆ ಬೇಕು, ಈ ಅಮ್ಮ ಬೇಕು. ಮೂರೂ ದಿನ. 'ಕೋಣೆಯ ಮೂಲೆ: ಒಂದು ಶೋಧ' ಅಂತ ನೀವೇ ಮಾತಾಡಿ. ಅಮ್ಮನ್ನ ಒಪ್ಪಿಸಿದ್ರೆ ವೇದಿಕೆ ನಿಮ್ದು. ಇಲ್ಲಾಂದ್ರೆ ಕುರ್ಚಿ ಜೋಡಿಸಿ."

ಮೂರು ತಿಂಗಳಿಂದ ಯಾರು ಹೋದರೆ ಸಾಕು ಎಂದಿದ್ದೆನೋ ಅವರ ಮುಂದೆ ಮಂಡಿಯೂರಿದೆ. ಹಿನ್ನೆಲೆಯಲ್ಲಿ ಪಿಯಾನೋ. "ಅತ್ತೆ, ನಾನು ಪಾಪಿ. ನೀವು ಯಾವಾಗ ಹೋಗ್ತೀರಿ ಅಂತ ಕ್ಯಾಲೆಂಡರ್ ನೋಡ್ತಿದ್ದೆ. ನಿಮ್ಮ ಉಣ್ಣೆ ಮೂಟೇನ ಎರಡು ಸಲ ಕಾಲಲ್ಲಿ ಒದ್ದಿದೀನಿ. ಕ್ಷಮಿಸಿ. ಹೋಗ್ಬೇಡಿ. ನಮ್ಮನೇಲೇ ಇರಿ, ಎಷ್ಟು ದಿನ ಬೇಕಾದ್ರೂ ಇರಿ!" ಡಾಕ್ಟರು ಮೂಗು ಒರೆಸಿಕೊಂಡರು. ಅತ್ತೆ ಮುಗುಳ್ನಗುತ್ತಾ ಹೆಣೆಯುತ್ತಲೇ ಇದ್ದರು. ಹೆಂಡತಿ ಹೋಗಿ ಮೆಷಿನ್ ಆರಿಸಿದಳು.

ಅತ್ತೆ ಸೂಜಿ ಕೆಳಗಿಟ್ಟು, ಕೂದಲು ಸರಿಸಿ, ಬಲಗಿವಿಯಿಂದ ಒಂದು, ಎಡಗಿವಿಯಿಂದ ಒಂದು ಪುಟ್ಟ ಉಣ್ಣೆಯುಂಡೆ ಹೊರತೆಗೆದರು.

"ಮುಗೀತಾ ಗಲಾಟೆ? ಅಳಿಯಂದ್ರು ಏನೋ ಬಾಯಾಡಿಸ್ತಿದ್ರು?"

ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಈ ಸಲ ಮ್ಯಾನೇಜರ್, ಔಷಧಿ ಡಬ್ಬಿಯವನು, ಹಾಸಿಗೆ ಮಡಿಸಲು ಬಂದ ಇಬ್ಬರು ಹೆಂಗಸರು, ಎಲ್ಲರೂ ಸಾಲಾಗಿ ನಿಂತಿದ್ದರು. "ಮೂಟೆ ಒದ್ದಿದ್ದು ಹೇಳಿ," ಎಂದು ಹೆಂಡತಿ ನೆನಪಿಸಿದಳು.

ಅತ್ತೆ ಕೇಳಿ ಮುಗಿಸಿ ಒಂದು ಸಾಲು ಹೆಣೆದರು. "ಅಷ್ಟು ಹೇಳ್ತಿದೀರಿ, ಕೂರ್ತೀನಿ. ಆದ್ರೆ ಮಗಂಗೆ ಮಾತು ಕೊಟ್ಟಿದೀನಲ್ಲ? ಟಿಕೆಟ್ಟೂ ತೆಗೆದಾಗಿದೆ."

"ಬಿಡಿ ಅತ್ತೆ, ವಾಪಸ್ ಮಾಡಿದ್ರಾಯ್ತು..." ಎಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ.

"ವಾಪಸ್ ಆಗಲ್ಲಮ್ಮ," ಎಂದಳು ಹೆಂಡತಿ. "ಇವರೇ ಕೇಳಿ ಕೇಳಿ ಅಂಥದ್ದೇ ತಗೊಂಡ್ರು."

"ಹಾಗಾದ್ರೆ ದಂಡ ಮಾಡ್ಬಾರ್ದು," ಎಂದರು ಅತ್ತೆ. "ನನ್ನ ಬದಲು ನೀವೇ ಹೋಗ್ಬನ್ನಿ ಅಳಿಯಂದ್ರೇ. ಸಾಮಾನು ಹೊರೋಕೆ ಗಂಡಸೇ ವಾಸಿ."

ಡಾಕ್ಟರ ಕಡೆ ನೋಡಿದೆ. ಅವರು ಮೂಲೆಯ ಅಳತೆ ತೆಗೆಯುತ್ತಿದ್ದರು. ತಲೆಯೆತ್ತದೆ, "ಮಾತು ನಾನಾಡ್ತೀನಿ ಬಿಡಿ," ಎಂದರು.

ಮೇಳದ ಮೊದಲ ದಿನ ಸಂಜೆ ನಾನು ಭಾವಮೈದುನನ ಹೊಸ ಮನೆಯ ಮೂರನೆಯ ಮಹಡಿಗೆ ಒಂದು ಕಬ್ಬಿಣದ ಬೀರುವಿನ ಕೆಳಭಾಗವಾಗಿ ಏರುತ್ತಿದ್ದೆ. ಫೋನ್ ಬಂತು. "ಜನ ಬಾಗಿಲಾಚೆವರೆಗೂ ನಿಂತಿದಾರೆ ರೀ," ಎಂದಳು ಹೆಂಡತಿ. "ಇಡೀ ಮೇಳದಲ್ಲಿ ಅಮ್ಮನ ರೂಮೇ ಫಸ್ಟ್ ಅಂತೆ. ಡಾಕ್ಟ್ರು ಅಮ್ಮಂಗೆ ಶಾಲು ಹೊದಿಸಿದ್ರು. ಅದನ್ನೂ ಹಾಕ್ಕೊಂಡು ಕೂತ್ಮೇಲೆ ಇನ್ನೂ ಚೆನ್ನಾಗಿ ಕೇಳಿಸ್ತಿದ್ಯಂತೆ. ಅಮ್ಮ ಇನ್ನು ನಮ್ಮನೇಲೇ ಇರ್ತಾಳೆ, ನೀವೇ ಅಂದ್ರಲ್ಲ. ಬರೋದಕ್ಕೆ ಟಿಕೆಟ್ ಮಾತ್ರ ನೀವೇ ನೋಡ್ಕೊಳ್ಳಿ."

ಬೀರನ್ನು ಹಾಲಿಗೆ ತಂದು ಇಳಿಸಿದೆ. ಖಾಲಿ ಹಾಲು, ಬರಿಗೋಡೆ, ನಾಲ್ಕೂ ಮೂಲೆ ನನ್ನನ್ನೇ ನೋಡುತ್ತಿದ್ದವು. ಕೈ ಸುಮ್ಮನಿರಬೇಕಲ್ಲ? ಪಟ್ಟನೆ ಒಂದು ಚಪ್ಪಾಳೆ ತಟ್ಟಿದೆ.

"ಸೊಳ್ಳೆ ಇದ್ಯಾ ಭಾವ?" ಎಂದು ಅಡುಗೆಮನೆಯಿಂದ ಭಾವಮೈದುನ ಕೂಗಿದ.

"ಹೂಂ," ಎಂದೆ.