ಮೂರ್ಛೆ ಹೋಗದವಳಿಗೆ ಉಪಚಾರ

ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣು ನೆಟ್ಟು ಕುಳಿತೆನೆಂದರೆ, ಪೂಜೆ ಮುಗಿಯುವವರೆಗೆ ನನ್ನ ಬಾಯಿಂದ ಮಾತು ಹೊರಡದು. ಮದುವೆಯ ದಿನವೂ ತಪ್ಪದ ನೇಮವಿದು. ಸಿಡಿಲು ಬಡಿದರೂ ಅಲುಗಾಡೆನೆಂಬ ಜಂಬ ಬೇರೆ!

ಜಂಬ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಮನೆಯವರು ತುರೋರಿ ಹಳ್ಳಿಯ ಶಾಲೆಯ ಮಾಸ್ತರರು. ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸಬೇಕೆಂದು ಹುಕುಂ ಬಂತು; ಉದಗೀರಕ್ಕೆ ಹೋಗಿ ತಾವೂ ಕಲಿತು ಬಂದರು. ಆದರೆ ಹುಡುಗನೊಬ್ಬನ ಮೊಣಕಾಲಲ್ಲಿ ರಕ್ತ ಕಂಡದ್ದೇ ತಡ, ಮಾಸ್ತರರೇ ಕಂಬ ಹಿಡಿದು ಕುಸಿದರು! ಒಲೆಯ ಮುಂದೆ ಅವರು ಒಪ್ಪಿಸುತ್ತಿದ್ದ ಪಾಠವನ್ನೆಲ್ಲ ಕೇಳಿ ಕೇಳಿಯೇ ಕಲಿತವಳು ನಾನು.

"ಹುಡುಗ್ರಿಗಿ ಕಲಸೂದು ನನಗ ಬಿಡ್ರಿ. ಮೂರ್ಛಿ ಹೋದವ್ರನ್ನ ಕಂಡ್ರ ನನ್ನ ಹುಡುಗ್ರು ಯಾರನ್ನೂ ಕೇಳೂದಿಲ್ಲ, ಎಬ್ಬಿಸೇ ಬಿಡತಾರ!" ಎಂದೆ.

"ತಪಾಸಣಿಗಿ ಸಾಹೇಬ್ರು ಬರೋರದಾರ. ಹುಡುಗ್ರಿಗಿ ಬರಲಿಲ್ಲಂದ್ರ ಪಾಠನೇ ಬಂದ್ ಅಂದಾರ. ನೆನಪಿರಲಿ!" ಎಂದರು ನಮ್ಮವರು.

ಅಂದಿನಿಂದ ನಮ್ಮ ಪಡಸಾಲೆಯೇ ಆಸ್ಪತ್ರೆ. ನನ್ನ ಮಹಾಸೂತ್ರ ಇಷ್ಟೇ: "ಕರದ್ರ ಓ ಅನ್ನಲಿಲ್ಲಂದ್ರ ಮಲಗಿಸ್ರಿ, ಕಾಲು ಎತ್ತರಕ್ಕಿಡ್ರಿ, ಗಾಳಿ ಬಿಡ್ರಿ, ಮುಖಕ್ಕ ನೀರು ಚಿಮುಕಿಸ್ರಿ!"

ತಪಾಸಣೆಯ ಬೆಳಿಗ್ಗೆ, ಕುರಿ ಸಾಕುವವರ ಮನೆಯ ಅಕ್ಕ-ತಮ್ಮ ಮಾಳಮ್ಮ, ಭೀಮಶಾ ಗಾಯಕ್ಕೆ ಕಟ್ಟುವ ಪಟ್ಟಿಗಳ ಗಂಟನ್ನು ಶಾಲೆಗೆ ಒಯ್ಯಲು ಬಂದರು. ನಾನು ಪೂಜೆಯಲ್ಲಿದ್ದೆ.

"ಅವ್ವಾರೇ, ಗಂಟು ಕೊಡ್ರಿ!"

ಲಿಂಗದ ಮೇಲೆ ನೆಟ್ಟ ನನ್ನ ಕಣ್ಣು ಕದಲಲಿಲ್ಲ.

"ಭೀಮಶಾ, ಓ ಅನವಲ್ರೋ! ರೆಪ್ಪಿನೂ ಬಡೀವಲ್ರು!"

"ಮೂರ್ಛಿನೇ ಅಕ್ಕಾ! ಹಿಡಿ, ಹಿಡಿ!"

ಬೀರಪ್ಪ ದೇವರ ಒಕ್ಕಲಿನ ಮಕ್ಕಳು. ಅವರಲ್ಲಿ ಪೂಜೆಯೆಂದರೆ ಡೊಳ್ಳು, ತೂರುವ ಅರಿಶಿನದ ಭಂಡಾರ, ಊರಿಗೆಲ್ಲ ಕೇಳುವ ಗದ್ದಲ. ಸದ್ದಿಲ್ಲದ ಪೂಜೆಯನ್ನು ಪಾಪ, ಅವರು ಕಂಡೇ ಇರಲಿಲ್ಲ.

ಲಿಂಗವನ್ನು ಎದೆಗೊತ್ತಿಕೊಳ್ಳುವಷ್ಟರಲ್ಲಿ ನಾನು ನೆಲದ ಮೇಲೆ, ನನ್ನ ಕಾಲು ಜೋಳದ ಚೀಲದ ಮೇಲೆ! ಮಾತಾಡಿದರೆ ನೇಮ ಕೆಟ್ಟೀತು. ಬೇಡವೆಂದು ಬಲಗೈ ಬೀಸಿದೆ.

"ಕೈ ಸೆಟೀಲಿಕ್ಹತ್ತದ! ನೀರು ತಾರೋ!"

ನಾನು ಹೇಳಿದ್ದು ಚಿಮುಕಿಸಲು. ಭೀಮಶಾ ಕೊಡವನ್ನೇ ಎತ್ತಿ ಸುರಿದ. ಹಣೆಯ ವಿಭೂತಿ ಗಂಗೆಯ ಪಾಲು!

ಅದೇ ಹೊತ್ತಿಗೆ ಹೊಸ್ತಿಲಲ್ಲಿ, ಶಾಲೆಗೆ ಮೊದಲು ನಮ್ಮ ಪಡಸಾಲೆ ನೋಡಬಂದ ಶೇರವಾನಿಯ ತಪಾಸಣೆ ಸಾಹೇಬರು, ಹಿಂದೆ ನಮ್ಮವರು. ನನ್ನ ಅವತಾರ ನೋಡಿ ನಮ್ಮವರು "ಶಿವಶಿವಾ!" ಎಂದವರೇ ಬಾಗಿಲಿಗೊರಗಿ ಜಾರಿದರು.

"ಭೀಮಶಾ, ಮಾಸ್ತರ್ರೂ ಹೋದ್ರು! ಇನ್ನೊಂದ್ ಚೀಲ ಎಳಿ! ಸಾಹೇಬ್ರ, ಗಾಳಿಗಿ ಅಡ್ಡ ನಿಂದ್ರಬ್ಯಾಡ್ರಿ, ಬಾಜೂಕ ಸರೀರಿ!"

ತಾಲೂಕೆಲ್ಲ ಸಲಾಂ ಹೊಡೆಯುವ ಸಾಹೇಬರು ತೆಪ್ಪಗೆ ಸರಿದರು! ಎರಡನೆಯ ಕೊಡಕ್ಕೆ ನಮ್ಮವರು ಕಣ್ಣು ಬಿಟ್ಟರು.

"ವಾಹ್ ಮಾಸ್ತರ್! ಬಹುತ್ ಖೂಬ್!" ಸಾಹೇಬರು ಚಪ್ಪಾಳೆ ತಟ್ಟಿದರು. "ಗಂಡ-ಹೆಂಡತಿ ಇಬ್ಬರೂ ಏನ್ ನಾಟಕ ಮಾಡಿದ್ರಿ! ಈ ಪಾಠ ಬಂದ್ ಆಗೂದಿಲ್ಲ. ಉಮರ್ಗಾ, ನಿಲಂಗಾದ ಸಾಲ್ಯಾಗೂ ಶುರು ಮಾಡಸ್ತೀನಿ!"

ಗೆದ್ದೆವು! ಒದ್ದೆ ಸೀರೆಯಲ್ಲೇ ಎದ್ದು ಕುಳಿತು ಪೂಜೆ ಮುಗಿಸಿದೆ. ಆಮೇಲೆಯೇ ಬಾಯಿ ಬಿಟ್ಟೆ.

"ಮಾಳಮ್ಮಾ, ನನಗೇನೂ ಆಗಿದ್ದಿಲ್ಲವ್ವಾ. ಅದು ಪೂಜಿ!"

"ಡೊಳ್ಳಿಲ್ಲದ ಪೂಜಿ ನಮಗ ಹ್ಯಾಂಗ ತಿಳೀಬೇಕ್ರೀ?" ಮಾಳಮ್ಮನ ಮುಖ ಸಪ್ಪಗಾಯಿತು, ಮರುಗಳಿಗೆಯೇ ಅರಳಿತು. "ಚಿಂತಿ ಬಿಡ್ರಿ ಅವ್ವಾರೇ! ನಾಳಿಂದ ದಿನಾ ನಮ್ಮಪ್ಪನ ಡೊಳ್ಳು ತಂದು ನಿಮ್ಮ ಬಾಜೂಕೇ ಬಾರಸ್ತೀವಿ. ಯಾರೂ ಮೂರ್ಛಿ ಅನ್ನಂಗಿಲ್ಲ!"

ಸಿಡಿಲಿಗೂ ಅಲುಗಾಡದ ನಾನು ಎರಡೂ ಕೈ ಜೋಡಿಸಿದೆ.

"ಬ್ಯಾಡ ನನ್ನವ್ವಾ, ಡೊಳ್ಳು ಬ್ಯಾಡ! ಬೇಕಂದ್ರ ದಿನಾ ಒಂದು ಕೊಡ ನೀರೇ ಹಾಕ್ರಿ!"